ಹುಳುಮನೆಯ ಹನ್ನೆರಡು ಗಂಟೆ

ಕೈಲಾಂಚದ ಕಡೆ ರೇಷ್ಮೆ ಹುಳು ಸಾಕುವ ಮನೆಗೆ ದೇವರ ಮನೆಗಿರುವಷ್ಟೇ ಮಡಿ. ಕಾಲು ತೊಳೆಯದೆ ಹೊಸಿಲು ದಾಟುವಂತಿಲ್ಲ, ಒಳಗೆ ಬೀಡಿ ಹಚ್ಚುವಂತಿಲ್ಲ, ಪಕ್ಕದಲ್ಲಿ ಒಗ್ಗರಣೆ ಸಿಡಿಸುವಂತಿಲ್ಲ. ಹುಳು ಚೆನ್ನಾಗಿವೆ ಎಂದು ಬಾಯಿ ಬಿಟ್ಟು ಹೇಳುವಂತೆಯೂ ಇಲ್ಲ. ಯಾರಾದರೂ ಕೇಳಿದರೆ ‘ಏನೋ ಅವೆ ಕಣಪ್ಪ’ ಎಂದು ಮಾತನ್ನು ಗಾಳಿಗೆ ತೂರಿ ಮುಂದೆ ನಡೆಯಬೇಕು. ಬೋರಲಿಂಗಯ್ಯ ಈ ಮಡಿಯನ್ನು ನಲವತ್ತು ವರ್ಷ ತಪ್ಪದೆ ನಡೆಸಿಕೊಂಡು ಬಂದವರು.

ಅವರ ಮೊಮ್ಮಗಳು ನವ್ಯಶ್ರೀ ದಿನವೂ ಬೆಳಗಿನ ಬಸ್ಸಿಗೆ ರಾಮನಗರಕ್ಕೆ ಹೋಗಿ ಗಣಿತದ ಎಂ.ಎಸ್ಸಿ. ಓದುತ್ತಿದ್ದಳು. ಕಡೆಯ ವರ್ಷದ ಪ್ರಾಜೆಕ್ಟಿಗೆ ಅವಳು ಆರಿಸಿಕೊಂಡದ್ದು ತನ್ನ ಮನೆಯ ಹಿತ್ತಿಲಲ್ಲಿದ್ದ ಹುಳುಮನೆಯನ್ನೇ. ಗೋಡೆ ಎಷ್ಟು ಬಿಸಿ ಹಿಡಿದಿಟ್ಟುಕೊಳ್ಳುತ್ತದೆ, ಹೆಂಚು ಎಷ್ಟು ಬಿಟ್ಟುಕೊಡುತ್ತದೆ, ಸೊಪ್ಪಿನ ತೇವವೆಷ್ಟು, ಸಾವಿರ ಸಾವಿರ ಹುಳುಗಳ ಉಸಿರಿನ ಬಿಸುಪೆಷ್ಟು, ಎಲ್ಲವನ್ನೂ ಸಮೀಕರಣಗಳಲ್ಲಿ ಬರೆದು, ದಿನವನ್ನು ಐದೈದು ನಿಮಿಷದ ತುಂಡು ಮಾಡಿ, ಒಂದು ತುಂಡಿನಿಂದ ಮುಂದಿನ ತುಂಡಿಗೆ ಲೆಕ್ಕ ಹಾಕುತ್ತ ಹೋದರೆ ಲ್ಯಾಪ್‌ಟಾಪಿನೊಳಗೆ ಇನ್ನೊಂದು ಹುಳುಮನೆ ಎದ್ದು ನಿಲ್ಲುತ್ತದೆ. ಅಲ್ಲಿ ಇಟ್ಟಿಗೆ ಇಲ್ಲ, ಹುಳುವಿಲ್ಲ, ಬರೀ ಅಂಕಿ. ಆ ಅಂಕಿಯ ಮನೆ ನಿಜದ ಮನೆಯ ಹಾಗೆಯೇ ನಡೆದುಕೊಂಡರೆ, ನಾಳೆ ಯಾವ ಹೊತ್ತಿಗೆ ಒಲೆ ಹಾಕಬೇಕು, ಯಾವ ಹೊತ್ತಿಗೆ ಕಿಟಕಿ ಮುಚ್ಚಬೇಕು ಎಂದು ಇವತ್ತೇ ಹೇಳಬಹುದು.

ಎರಡೂ ಮನೆಗಳನ್ನು ಹೋಲಿಸಿ ನೋಡಲು ನಿಜದ ಮನೆಯ ಅಂಕಿ ಬೇಕಲ್ಲ? ಅದಕ್ಕೆ ಬೋರಲಿಂಗಯ್ಯ ಇದ್ದರು. ಗೋಡೆಗೆ ನೇತುಹಾಕಿದ್ದ ಥರ್ಮಾಮೀಟರನ್ನು ದಿನಕ್ಕೆ ಆರು ಹೊತ್ತು ನೋಡಿ, ಮೊಮ್ಮಗಳ ಹೆಸರು ಬರೆದಿದ್ದ ನೂರು ಪುಟದ ನೋಟ್‌ಬುಕ್ಕಿನಲ್ಲಿ ಮುತ್ತು ಪೋಣಿಸಿದ ಹಾಗೆ ಬರೆದಿಡುತ್ತಿದ್ದರು. ಸಂಕ್ರಾಂತಿ ಕಳೆದ ಮೇಲೆ ತಂದ ಮರಿಹುಳುಗಳು ಈಗ ಬೆರಳುದ್ದ ಬೆಳೆಯುವ ಹೊತ್ತು. ಪುಸ್ತಕದಲ್ಲಿ ಹನ್ನೆರಡು ದಿನ ತುಂಬಿತ್ತು.

ಒಂದು ಗುರುವಾರ ಅವಳ ಮಾರ್ಗದರ್ಶಕರಾದ ಯೋಗಾನಂದ ಸರ್ ಆ ಹನ್ನೆರಡು ದಿನದ ಗೆರೆಗಳನ್ನು ಪರದೆಯ ಮೇಲೆ ನೋಡಿ ಕನ್ನಡಕ ತೆಗೆದರು.

“ನೋಡಮ್ಮ, ಐದು ಹೊತ್ತು ನಿನ್ನ ಮಾಡೆಲ್ಲೂ ಪುಸ್ತಕವೂ ಜೋಡಿ ಎತ್ತಿನ ಹಾಗೆ ಹೋಗ್ತವೆ. ಮಧ್ಯಾಹ್ನ ಹನ್ನೆರಡಕ್ಕೆ ಮಾತ್ರ ಪುಸ್ತಕ ಹಳ್ಳಕ್ಕೆ ಬೀಳುತ್ತೆ. ಇಪ್ಪತ್ತೈದೂವರೆ ಡಿಗ್ರಿ ಇರಬೇಕಾದ ಕಡೆ ಇಪ್ಪತ್ತೆರಡು. ಹನ್ನೆರಡು ದಿನವೂ! ಇವನ್ನ ನೋಡದೆ ಕೂತಲ್ಲೇ ಊಹಿಸಿ ಬರೆದದ್ದಲ್ಲ ತಾನೆ?”

“ಇಲ್ಲ ಸರ್, ನಮ್ಮ ತಾತ ನೋಡಿ ಬರೆದದ್ದು.”

“ತಾತ ಬರೆದದ್ದೋ, ಮೊಮ್ಮಗಳು ಬರೆಸಿದ್ದೋ?” ಸರ್ ನಕ್ಕರು. ಆದರೆ ಕಣ್ಣು ನಗಲಿಲ್ಲ. “ಬರುವ ಗುರುವಾರದೊಳಗೆ ಕಾರಣ ತಗೊಂಡು ಬಾ.”

ಆ ಮಾತು ನವ್ಯಶ್ರೀಗೆ ಹಿಮ್ಮಡಿಗೆ ಚುಚ್ಚಿದ ಜಾಲಿಮುಳ್ಳಾಯಿತು. ತನ್ನ ಮೇಲೆ ಬಿದ್ದ ಅನುಮಾನವನ್ನು ಬೇರೆ ಎಲ್ಲಿಗಾದರೂ ದಾಟಿಸಿದರೆ ಸಾಕೆನಿಸಿತು. ಲೈಬ್ರರಿಯಲ್ಲಿ ಕೂತು ಅಂಕಿಯ ಮನೆಯ ಬಾಗಿಲು ಕಿಟಕಿಗಳನ್ನು ಬೇರೆ ಬೇರೆ ಹೊತ್ತಿಗೆ ತೆರೆದು ಮುಚ್ಚಿ ನೋಡಿದಳು. ಹನ್ನೊಂದೂಕಾಲಿಗೆ ಎಲ್ಲ ತೆರೆದು, ಹನ್ನೆರಡಕ್ಕೆ ಐದು ನಿಮಿಷವಿರುವಾಗ ಮುಚ್ಚಿದರೆ ಗೆರೆ ಸರಿಯಾಗಿ ಇಪ್ಪತ್ತೆರಡಕ್ಕೆ ಇಳಿಯುತ್ತಿತ್ತು. ಹನ್ನೆರಡು ದಿನಕ್ಕೂ ಹೊಂದುತ್ತಿತ್ತು. ತಾತ ಹನ್ನೆರಡಕ್ಕೆ ಬರುತ್ತಾರೆಂದು ಗೊತ್ತಿದ್ದ ಯಾರೋ ಅವರು ಬರುವ ಮುಂಚೆ ಎಲ್ಲ ಮುಚ್ಚಿಬಿಡುತ್ತಿದ್ದಾರೆ!

ಸಂಜೆ ಮುದ್ದೆ ಮುರಿಯುತ್ತ ಅಷ್ಟನ್ನೇ ಹೇಳಿದಳು. “ತಾತ, ಹನ್ನೊಂದೂಕಾಲಿಂದ ಹನ್ನೆರಡರ ತನಕ ಹುಳುಮನೆ ಬಾಗಿಲು ಯಾರಾದ್ರೂ ತೆಗೀತಾರಾ? ಕಂಪ್ಯೂಟರ್‌ನಲ್ಲಿ ಹಂಗೆ ಬತ್ತೈತೆ.”

ಬೋರಲಿಂಗಯ್ಯನ ಕೈ ತಟ್ಟೆಯ ಮೇಲೇ ನಿಂತಿತು. “ಕಂಪ್ಯೂಟರ್‌ಗೆ ಅದೂ ಗೊತ್ತಾಯ್ತದಾ?”

“ಲೆಕ್ಕದಲ್ಲಿ ಗೊತ್ತಾಯ್ತದೆ.”

ಅವರು ಅರ್ಧ ಮುದ್ದೆ ಬಿಟ್ಟು ಕೈ ತೊಳೆದರು. ದೀಪಾವಳಿಯ ಬೆಳೆಯಲ್ಲಿ ಇನ್ನೇನು ಗೂಡು ಕಟ್ಟಬೇಕೆನ್ನುವಾಗ ಸಪ್ಪೆ ರೋಗ ಬಂದು ತಟ್ಟೆ ತಟ್ಟೆ ಹುಳುವನ್ನು ಗುಂಡಿಗೆ ಸುರಿದಿದ್ದರು. ಅದಕ್ಕೆ ಕಾರಣ ಅವರಿಗೆ ಇಂದಿಗೂ ತಿಳಿದಿರಲಿಲ್ಲ. ಹನ್ನೊಂದರಿಂದ ಹನ್ನೆರಡರ ತನಕ, ತಾವು ತೋಟದಲ್ಲಿ ಸೊಪ್ಪು ಕೊಯ್ಯುವ ಹೊತ್ತಿನಲ್ಲಿ, ಹುಳುಮನೆಯೊಳಗೆ ಇರುತ್ತಿದ್ದವಳು ಒಬ್ಬಳೇ. ಹದಿನಾರು ವರ್ಷದಿಂದ ಸೊಪ್ಪು ಹಾಕುತ್ತಿದ್ದ ಮಾರಮ್ಮ.

ಮರುದಿನ ಶುಕ್ರವಾರ. ಹಾಲಿನ ಡೇರಿಯ ಮುಂದೆ ಹತ್ತು ಜನ ಕ್ಯಾನು ಹಿಡಿದು ನಿಂತಿರುವಾಗಲೇ ಬೋರಲಿಂಗಯ್ಯ ಕೇಳಿಬಿಟ್ಟರು. “ಮಾರಮ್ಮ, ನಾನಿಲ್ದಾಗ ಹುಳುಮನೆ ಬಾಗ್ಲು ತಗುದು ಯಾರ‍್ನ ಒಳಿಕ್ ಬುಡ್ತಿದ್ದೀಯೆ?”

ಮಾರಮ್ಮ ಮೊದಲು ನಕ್ಕಳು. ತಮಾಷೆಯಲ್ಲ ಎಂದು ತಿಳಿದ ಮೇಲೆ ಅವಳ ಮುಖ ಕಪ್ಪಿಟ್ಟಿತು. “ಯಾರ್ ಯೋಳಿದ್ರು ಬೋರಣ್ಣ?”

“ಮಗಾ ಕಂಪ್ಯೂಟರ್‌ನಲ್ಲಿ ನೋಡೈತೆ. ಟೈಮಿನ ಸಮೇತ ಬಂದೈತೆ.”

“ಹಂಗಾದ್ರೆ ಮಂಗಳವಾರ ಕಬ್ಬಾಳಿಗೆ ನಡೀರಿ. ಅಮ್ಮನ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡ್ತೀನಿ. ಆಮ್ಯಾಲೆ ನಿಮ್ಮ ಸೊಪ್ಪು ನಾ ಮುಟ್ಟಲ್ಲ.”

ಕಬ್ಬಾಳಮ್ಮನ ಮುಂದಿನ ಆಣೆ ಎಂದರೆ ಈ ಸೀಮೆಯಲ್ಲಿ ಹುಡುಗಾಟವಲ್ಲ. ಸುಳ್ಳು ಆಣೆ ಮಾಡಿದವರ ಮನೆಯಷ್ಟೇ ಅಲ್ಲ, ಸುಳ್ಳು ಆಣೆ ಮಾಡಿಸಿದವರ ಮನೆಯೂ ಉಳಿಯುವುದಿಲ್ಲ ಎನ್ನುತ್ತಾರೆ. ಆದರೆ ಹುಳುಗಳು ಕಡೆಯ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದು ಬಕಬಕ ಸೊಪ್ಪು ತಿನ್ನುವ ದಿನಗಳು ಅವು. ಮಾರಮ್ಮ ಹಾಲಿನ ಚೀಟಿ ಇಸಿದುಕೊಂಡು ಸೀದಾ ಹುಳುಮನೆಗೆ ಬಂದಳು. “ಹುಳ ಏನ್ ತಪ್ಪು ಮಾಡ್ಯವೆ? ಮಂಗಳವಾರದ ಗಂಟ ಹಾಕ್ತೀನಿ” ಎಂದು ಕಾಲು ತೊಳೆದುಕೊಂಡಳು.

ಡೇರಿಯ ಮಾತು ಕಿವಿಗೆ ಬಿದ್ದು, ಶನಿವಾರ ಇಡೀ ದಿನ ನವ್ಯಶ್ರೀಗೆ ಪಾಠ ಹತ್ತಲಿಲ್ಲ. ಅನುಮಾನ ಎನ್ನುವುದು ನುಸಿ ಹೊಕ್ಕ ಅಕ್ಕಿಯಂತೆ. ಒಂದು ಕಂಡರೆ ಮೂಟೆಯೆಲ್ಲ ಹರಿದಾಡಿದ ಹಾಗೆ ತೋರುತ್ತದೆ. ಹಿಂದೆ ಯಾವತ್ತೋ ಮಾರಮ್ಮ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡು ಹೋದದ್ದು ನೆನಪಾಯಿತು. ದೀಪಾವಳಿಯ ರೋಗದ ದಿನ ಅವಳು ಅತ್ತಿರಲಿಲ್ಲವಲ್ಲ ಎನ್ನುವುದು ನೆನಪಾಯಿತು. ಚಿಕ್ಕಂದಿನಲ್ಲಿ ತನ್ನ ತಲೆ ಬಾಚಿದ್ದ ಕೈ ಅದೇ ಎನ್ನುವುದು ಮಾತ್ರ ನೆನಪಾಗಲಿಲ್ಲ.

ಭಾನುವಾರ ಅವಳು ಹನ್ನೊಂದಕ್ಕೇ ಸೌದೆ ಗುಡ್ಡೆಯ ಹಿಂದೆ ಕೂತಳು. ಹುಳುಮನೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಹುಳು ಸೊಪ್ಪು ಮೇಯುವ ಸದ್ದು ಸಣ್ಣಗೆ, ತುಂತುರು ಮಳೆಯಂತೆ ಕೇಳುತ್ತಿತ್ತು. ಹನ್ನೊಂದೂವರೆಗೆ ಬಾಗಿಲು ಒಂದಡಿಯಷ್ಟು ಸರಿಯಿತು. ಮಾರಮ್ಮ ಅಡ್ಡಲಾಗಿ ನುಸುಳಿ ಹೊರಗೆ ಬಂದು, ಆಚೆ ಈಚೆ ನೋಡಿ, ಬಾಗಿಲು ಎಳೆದುಕೊಂಡಳು. ಕಂಕುಳಲ್ಲಿ ಒಂದು ಗಂಟಿತ್ತು.

“ಏನದು ಮಾರಕ್ಕ?” ನವ್ಯಶ್ರೀ ಎದ್ದೇಬಿಟ್ಟಳು.

ಮಾರಮ್ಮ ಬೆಚ್ಚಲಿಲ್ಲ. ಗಂಟನ್ನು ಅವಳ ಕಾಲ ಬಳಿ ಬಿಚ್ಚಿ ಹಾಕಿದಳು. ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ. “ನಮ್ಮ ಮೇಕೆಗೆ. ಹದಿನಾರು ವರ್ಷದಿಂದ ತಕ್ಕೊಂಡೋಯ್ತಿದ್ದೀನಿ, ನಿಮ್ಮಜ್ಜಿನೇ ಕೊಟ್ಟಿದ್ದು. ಎಣಿಸ್ಕೊ.”

ನವ್ಯಶ್ರೀ ತಲೆ ತಗ್ಗಿಸಿದಳು. ಆದರೂ ಬಿಡಲಿಲ್ಲ. “ಬಾಗಿಲು ತೆಗೆದ್ರೆ ಒಳಗೆ ತಣ್ಣಗಾಗಿ ಹುಳುಗೆ ಕೆಡುಕಾಯ್ತದೆ ಅಂತ ನಿಂಗೆ ಗೊತ್ತಲ್ವಾ ಮಾರಕ್ಕ?”

“ತಣ್ಣಗಾ?” ಮಾರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ನೆತ್ತಿ ಮುಟ್ನೋಡ್ಕೊ ಕಣವ್ವ.”

ನವ್ಯಶ್ರೀ ಮುಟ್ಟಿಕೊಂಡಳು. ಕೂದಲು ಕಾದ ಹೆಂಚಾಗಿತ್ತು.

“ಈ ಬಿಸಿಲಲ್ಲಿ ಬಾಗ್ಲು ತಗುದ್ರೆ ಒಳಿಕ್ಕೆ ಬಿಸಿ ಗಾಳಿ ನುಗ್ತದೋ ತಣ್ಣನೆ ಗಾಳಿನೋ? ಬೆಳಗ್ಗೆ ಆರಕ್ಕೆ ತಗುದ್ರೆ ನಡುಕ ಬತ್ತದೆ ಅನ್ನು, ಒಪ್ತೀನಿ. ಮಟಮಟ ಮದ್ಯಾನ ತಣ್ಣಗಾಯ್ತದಂತೆ! ನಿನ್ನ ಕಂಪ್ಯೂಟರ್ ಒಸಿನಾದ್ರೂ ಹೊರಿಕ್ಕೆ ಬಂದು ನೋಡೈತಾ?”

ನವ್ಯಶ್ರೀ ಅಲ್ಲೇ ನಿಂತುಬಿಟ್ಟಳು. ಹೊರಗಿನ ಉಷ್ಣಾಂಶ ಎಷ್ಟೆಂದು ಅವಳು ಮಾಡೆಲ್ಲಿಗೆ ಕೊಟ್ಟದ್ದು ದಿನಕ್ಕೆ ಒಂದೇ ಅಂಕಿ. ಮೊಬೈಲಿನಲ್ಲಿ ಕಂಡ ಆ ದಿನದ ಸರಾಸರಿ, ಇಪ್ಪತ್ತೊಂದು. ಮುಂಜಾನೆಯ ಹದಿನೈದೂ ಮಧ್ಯಾಹ್ನದ ಇಪ್ಪತ್ತೆಂಟೂ ಆ ಇಪ್ಪತ್ತೊಂದರಲ್ಲಿ ಕರಗಿ ಹೋಗಿದ್ದವು. ಅವಳ ಅಂಕಿಯ ಮನೆಯ ಸುತ್ತ ಹಗಲೂ ಇರುಳೂ ಒಂದೇ ಹವೆ. ಅಲ್ಲಿ ಸೂರ್ಯ ಹುಟ್ಟಿಯೇ ಇರಲಿಲ್ಲ. ತಿಂಗಳಾನುಗಟ್ಟಲೆ ರಾಮನಗರದ ಕಾಲೇಜು ಕೋಣೆಯಲ್ಲಿ ಕೂತು ಬಂದವಳಿಗೆ ತನ್ನ ಹಿತ್ತಿಲ ಮಧ್ಯಾಹ್ನವೇ ಮರೆತಿತ್ತು.

ಅವಳು ಕಾಲು ತೊಳೆದು ಒಳಗೆ ಹೋದಳು. ತಾತ ಬರುವ ತನಕ ಥರ್ಮಾಮೀಟರಿನ ಮುಂದೆ ನಿಂತಿದ್ದಳು. ಹನ್ನೆರಡಕ್ಕೆ ಪಾದರಸ ಇಪ್ಪತ್ತೈದೂವರೆಯಲ್ಲಿತ್ತು. ಬೋರಲಿಂಗಯ್ಯ ಬಂದು, ಅವಳನ್ನು ಕಂಡು ಒಂದು ಗಳಿಗೆ ತಡೆದು, ಥರ್ಮಾಮೀಟರ್ ನೋಡಿ, ನೋಟ್‌ಬುಕ್ ಇಟ್ಟಿದ್ದ ಜಗಲಿಗೆ ಹೋದರು.

ಊಟವಾದ ಮೇಲೆ ಅವಳು ಲ್ಯಾಪ್‌ಟಾಪ್ ತೆರೆದು ಹೊರಗಿನ ಉಷ್ಣಾಂಶವನ್ನು ಗಂಟೆಗಂಟೆಗೂ ಬೇರೆ ಬೇರೆಯಾಗಿ ಕೊಟ್ಟಳು. ಅಂಕಿಯ ಮನೆಯ ಬಾಗಿಲನ್ನು ಮತ್ತೆ ಹನ್ನೊಂದೂಕಾಲಿಗೆ ತೆರೆದಳು. ಗೆರೆ ಇಳಿಯಲಿಲ್ಲ. ಇಪ್ಪತ್ತಾರು, ಇಪ್ಪತ್ತಾರೂವರೆ, ಇಪ್ಪತ್ತೇಳು ಎಂದು ಮೇಲೇರಿತು. ಒಂದು ಕಿಟಕಿ ತೆರೆದರೂ ಏರಿತು, ಎಲ್ಲ ತೆರೆದರೂ ಏರಿತು. ಯಾವ ಬಾಗಿಲು ತೆರೆದರೂ ಆ ಹೊತ್ತಿನಲ್ಲಿ ಇಪ್ಪತ್ತೆರಡು ಬರುವ ದಾರಿಯೇ ಇಲ್ಲ. ಹಾಗಾದರೆ ಇಪ್ಪತ್ತೆರಡು ಬಂದದ್ದೆಲ್ಲಿಂದ?

ಅವಳ ಅನುಮಾನ ಹೆದರುತ್ತ ಹೆದರುತ್ತ ಜಗಲಿಯ ಕಡೆ ತಿರುಗಿತು. ನೋಟ್‌ಬುಕ್ ತೆರೆದು ನೋಡಿದಳು. ಇವತ್ತಿನ ಹನ್ನೆರಡು ಗಂಟೆಯ ಮುಂದೆ, ತಾತನ ದುಂಡು ಅಕ್ಷರದಲ್ಲಿ: ಇಪ್ಪತ್ತೆರಡು.

ಬೋರಲಿಂಗಯ್ಯ ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಸವರುತ್ತಿದ್ದರು. ಅವಳು ಪುಸ್ತಕವನ್ನು ಅವರ ಮುಂದಿಟ್ಟಳು.

“ತಾತ, ಇವತ್ತು ಹನ್ನೆರಡಕ್ಕೆ ಇಪ್ಪತ್ತೈದೂವರೆ ಇತ್ತು. ನಾನೇ ನೋಡ್ದೆ.”

“ಇತ್ತು.”

“ಇಪ್ಪತ್ತೆರಡು ಅಂತ ಬರ‍್ದಿದ್ದೀರಿ.”

“ಬರ‍್ದೆ.” ಅವರು ಎಲೆಯನ್ನು ಮಡಿಸಿದರು, ಬಾಯಿಗೆ ಹಾಕಿಕೊಳ್ಳಲಿಲ್ಲ. “ಅದು ಬೊಟ್ಟು ಮಗಾ.”

“ಏನು ಬೊಟ್ಟು?”

“ದೃಷ್ಟಿ ಬೊಟ್ಟು. ನೀನು ಮೂರು ತಿಂಗ್ಳು ಮಗ ಆಗಿದ್ದಾಗ ನಿಮ್ಮಜ್ಜಿ ಕೆನ್ನೆಗೆ ಕಾಡಿಗೆ ಇಡ್ದೆ ಹೊಸಿಲು ದಾಟಿಸ್ತಿರ‍್ಲಿಲ್ಲ. ಈ ಪುಸ್ತಕದ ಮ್ಯಾಲೆ ನಿನ್ ಹೆಸ್ರು ಐತೆ. ಒಳಗೆ ನೋಡಿದ್ರೆ ಇಪ್ಪತ್ತೈದು, ಇಪ್ಪತ್ತೈದೂವರೆ, ಇಪ್ಪತ್ತಾರು. ಒಂದು ಕುಂದಿಲ್ಲ, ಕೊರೆಯಿಲ್ಲ. ಹುಳ ಹಿಂಗೆ ಬತ್ತಾ ಅವೆ ಅಂತ ಬಾಯಲ್ಲಿ ಯೋಳಕ್ಕೇ ಹೆದರೋರು ನಾವು. ನೀನು ಅದನ್ನ ತಕ್ಕೊಂಡೋಗಿ ಅಷ್ಟು ಜನದ ಕಣ್ಣ ಮುಂದೆ ಹಿಡೀತೀಯ. ದಿನಕ್ಕೊಂದು ಬೊಟ್ಟು ಇಡ್ದೆ ಎಂಗ್ ಕಳಿಸ್ಲಿ? ಕಣ್ಣು ಬೀಳೋದು ನಡು ಮದ್ಯಾನನೇ. ಅದ್ಕೆ ಹನ್ನೆರಡರದ್ದನ್ನ ಒಸಿ ಕೆಡಿಸ್ದೆ.”

ನವ್ಯಶ್ರೀಗೆ ಅಳುವುದೋ ನಗುವುದೋ ತಿಳಿಯಲಿಲ್ಲ. “ತಾತ, ಮಾರಕ್ಕನ ಮೇಲೆ ಅನುಮಾನ ಬಂದಿದ್ದೇ ಈ ಬೊಟ್ಟಿನಿಂದ.”

“ಅದೆಂಗೆ?” ಅವರು ನಿಜಕ್ಕೂ ಬೆರಗಾದರು. “ನಾ ನೋಡ್ದಾಗ್ಲೆಲ್ಲ ಸರೀಗೇ ಇತ್ತು. ಬಾಗ್ಲು ತಗುದಿದ್ದು ನಿನ್ ಕಂಪ್ಯೂಟರೇ ಎಂಗೋ ಕಂಡ್ಕತ್ತು ಅಂದ್ಕಂಡೆ.”

“ಅದಕ್ಕೆ ಕಣ್ಣಿಲ್ಲ ತಾತ. ನೀವು ಬರೆದದ್ದೇ ಅದರ ಕಣ್ಣು. ನೀವು ಇಪ್ಪತ್ತೆರಡು ಅಂದ್ರಿ. ಆ ಇಪ್ಪತ್ತೆರಡಕ್ಕೆ ನಾನು ಕಾರಣ ಹುಡುಕಿದೆ. ಕಾರಣಕ್ಕೆ ನೀವು ಹೆಸರು ಇಟ್ರಿ.”

ಬೋರಲಿಂಗಯ್ಯ ಮಡಿಸಿದ ಎಲೆಯನ್ನು ಹಾಗೇ ಕೆಳಗಿಟ್ಟು ಎದ್ದರು. ಬಿಸಿಲು ಹುಳುಮನೆಯ ಗೋಡೆಯಿಂದ ಇಳಿದು ಅಂಗಳಕ್ಕೆ ಬಂದಿತ್ತು. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, “ನಡಿ” ಎಂದರು.

ಮಾರಮ್ಮ ಹಟ್ಟಿಯ ಮುಂದೆ ಮೇಕೆಗೆ ಅದೇ ಕಡ್ಡಿ ಹಾಕುತ್ತಿದ್ದಳು. ತಾತ ನಿಂತೇ ಎಲ್ಲ ಹೇಳಿದರು. ನವ್ಯಶ್ರೀ ತನ್ನ ಸರಾಸರಿಯ ಮಾತನ್ನೂ ಸೇರಿಸಿದಳು. ಮಾರಮ್ಮ ನಡುವೆ ಬಾಯಿ ಹಾಕದೆ ಕೇಳಿದಳು.

“ಮುಗೀತಾ?”

“ಮುಗೀತು ಕಣಮ್ಮಿ. ಇನ್ನು ಕಬ್ಬಾಳಿಗೆ ಹೋಗೋದು ಬ್ಯಾಡ.”

“ಅಯ್ಯೋ, ಎಂಗ್ ಬ್ಯಾಡ್ವಾಯ್ತದೆ? ನನ್ನ ಕಳ್ಳಿ ಅಂದಿದ್ದು ಡೇರಿ ಮುಂದೆ, ಹತ್ತು ಜನ ಕೇಳಿದ್ರು. ಅಲ್ಲ ಅಂದಿದ್ದು ಈ ಮೇಕೆ ಮುಂದೆ. ಮೇಕೆ ಹೋಗಿ ಊರಿಗೆ ಯೋಳ್ತದಾ ಬೋರಣ್ಣ? ಮಂಗಳವಾರ ಹೋಗೋದೆಯ. ಬಾಯಿ ಬುಡೋದು ಮಾತ್ರ ನೀವು.”

ಮಂಗಳವಾರ ಕನಕಪುರದಲ್ಲಿ ಬಸ್ಸು ಬದಲಿಸಿ ಕಬ್ಬಾಳು ಸೇರುವಷ್ಟರಲ್ಲಿ ಹತ್ತು ಗಂಟೆ. ಮುಂಜಾನೆಯ ಸೊಪ್ಪು ಹಾಕಿಯೇ ಹೊರಟಿದ್ದರು. ಡೇರಿಯ ಮುನಿರಾಮಯ್ಯನೂ ಇನ್ನೂ ನಾಲ್ಕೈದು ಜನರೂ ಆಣೆ ನೋಡಲೆಂದೇ ಜೊತೆಗೆ ಬಂದಿದ್ದರು. ಬೆಟ್ಟದ ಬುಡದಲ್ಲಿ ಅಮ್ಮನ ಗುಡಿ ಹೂವಿನಲ್ಲಿ ಮುಳುಗಿತ್ತು. ಎಷ್ಟು ಜನರ ಎಷ್ಟು ಅನುಮಾನಗಳನ್ನು ಆ ತಾಯಿ ಕಣ್ಣು ಮಿಟುಕಿಸದೆ ನೋಡಿದ್ದಾಳೋ! ಪೂಜಾರಿ ತಟ್ಟೆಯಲ್ಲಿ ಕರ್ಪೂರವಿಟ್ಟು ಮಾರಮ್ಮನ ಕಡೆ ನೋಡಿದರು. ಮಾರಮ್ಮ ಬೋರಲಿಂಗಯ್ಯನ ಕಡೆ ನೋಡಿದಳು.

ನಲವತ್ತು ವರ್ಷ ‘ಏನೋ ಅವೆ’ ಎಂದು ಮಾತು ತೇಲಿಸಿಕೊಂಡು ಬಂದ ಬಾಯಿ ಅದು. ಎರಡು ಸಲ ತೆರೆದು ಮುಚ್ಚಿತು. ಮೂರನೆಯ ಸಲ ಮಾತು ಬಂತು.

“ಅಮ್ಮ, ಮಾರಮ್ಮ ಬಾಗ್ಲು ತಗುದಿಲ್ಲ. ನಮ್ಮ ಹುಳ ಚೆನ್ನಾಗೇ ಅವೆ. ದೃಷ್ಟಿ ಬೊಟ್ಟು ಅಂತ ನಾನೇ ಪುಸ್ತಕದಲ್ಲಿ ಸುಳ್ಳು ಬರ‍್ದೆ. ತಪ್ಪು ನಂದು.” ಕೈ ಜೋಡಿಸಿ ಹುಂಡಿಗೆ ತಪ್ಪು ಕಾಣಿಕೆ ಹಾಕಲು ಹೋದವರ ತೋಳನ್ನು ಮಾರಮ್ಮ ಹಿಡಿದಳು.

“ಅಮ್ಮಂಗೆ ಆಯ್ತು. ಈಗ ಇತ್ಲಾಗ್ ತಿರುಗಿ.”

ಬೋರಲಿಂಗಯ್ಯ ತಿರುಗಿದರು. “ತಪ್ಪಾಯ್ತು ಮಾರಮ್ಮ.”

ಹಿಂದಿನಿಂದ ಮುನಿರಾಮಯ್ಯ ಬಾಯಿ ಹಾಕಿದ. “ಲೇ ಬೋರ, ಮಕ್ಕಳಿಗೆ ಕಾಡಿಗೆ ಹಚ್ಚೋರ‍್ನ ನೋಡಿವ್ನಿ, ಅಂಕಿಗೆ ಹಚ್ಚಿದೋನು ನೀನೊಬ್ನೇ ಕಣ್ಲಾ!”

ನಗದೆ ಇದ್ದವಳು ನವ್ಯಶ್ರೀ ಒಬ್ಬಳೇ. ತಾತ ಕಾಣಿಕೆ ಹಾಕಿದ ಮೇಲೆ ಅವಳೂ ಮುಂದೆ ಬಂದು ತನ್ನ ಪರ್ಸಿನಿಂದ ಒಂದು ನೋಟು ತೆಗೆದು ಹುಂಡಿಗೆ ಹಾಕಿದಳು. ಮಾರಮ್ಮನ ಕಡೆ ತಿರುಗಿದಳು. ಮಾರಮ್ಮ ಅವಳ ಕೆದರಿದ ಮುಂಗೂದಲನ್ನು ಬೆರಳಲ್ಲಿ ಹಿಂದಕ್ಕೆ ಸರಿಸಿ, “ಬಸ್ಸಿಗೆ ಹೊತ್ತಾಯ್ತದೆ. ಹುಳ ಹಸ್ಕೊಂಡಿರ‍್ತವೆ” ಎಂದಳು.

ಗುರುವಾರ ಯೋಗಾನಂದ ಸರ್ ಎಲ್ಲವನ್ನೂ ಕೇಳಿ ಮತ್ತೆ ಕನ್ನಡಕ ತೆಗೆದರು. “ಆ ಹನ್ನೆರಡು ಅಂಕಿ ತೆಗೆದುಹಾಕಿದರೆ ಮಾಡೆಲ್ಲು ಹೊಂದುತ್ತೆ ಅಂತೀಯ. ಕೇಳೋದಕ್ಕೆ ಚೆನ್ನಾಗಿದೆ. ಆದರೆ ಹೊಂದದ್ದನ್ನ ತೆಗೆದುಹಾಕಿ ಹೊಂದಿಸಿದಳು ಅಂತ ನಾಳೆ ಯಾರಾದರೂ ಅನ್ನಬಹುದು. ನಾನೇ ಅನ್ನಬಹುದು. ಮಧ್ಯಾಹ್ನದ್ದು ಮತ್ತೆ ಬರೆಸು. ನೋಡೋರು ಒಬ್ಬರು, ಬರೆಯೋರು ಒಬ್ಬರು ಆಗಲಿ.”

ಹಾಗಾಗಿ ಶುಕ್ರವಾರದಿಂದ ಹನ್ನೆರಡು ಗಂಟೆಗೆ ಥರ್ಮಾಮೀಟರ್ ನೋಡುವ ಕೆಲಸ ಮಾರಮ್ಮನದಾಯಿತು. ಅವಳಿಗೆ ಅಕ್ಷರ ಬರದಿದ್ದರೂ ಬಸ್ಸಿನ ನಂಬರಿನಿಂದ, ಡೇರಿಯಲ್ಲಿ ಅಳೆಯುವ ಹಾಲಿನ ಡಿಗ್ರಿಯಿಂದ ಅಂಕಿ ಬರುತ್ತಿತ್ತು. ಇನ್ನು ಸೊಪ್ಪು ಮುಟ್ಟುವುದಿಲ್ಲ ಎಂದಿದ್ದಳಲ್ಲ ಎಂದು ಯಾರೋ ಕೆಣಕಿದರೆ, “ಆಣೆ ಮಾಡಿದ್ಮ್ಯಾಲೆ ಮುಟ್ಟಲ್ಲ ಅಂದಿದ್ದೆ. ಆಣೆ ಎಲ್ಲಿ ಮಾಡ್ದೆ?” ಎಂದು ಅವರ ಬಾಯಿ ಮುಚ್ಚಿಸಿದಳು.

ಆ ಶುಕ್ರವಾರ ಕಾಲೇಜಿಗೆ ಹೋಗದೆ ನವ್ಯಶ್ರೀ ಜಗಲಿಯಲ್ಲಿ ಕೂತಿದ್ದಳು. ಬೋರಲಿಂಗಯ್ಯ ತೊಡೆಯ ಮೇಲೆ ಪುಸ್ತಕ ಬಿಡಿಸಿಕೊಂಡು ಪೆನ್ನು ಹಿಡಿದಿದ್ದರು. ಹನ್ನೆರಡಕ್ಕೆ ಸರಿಯಾಗಿ ಹುಳುಮನೆಯ ಬಾಗಿಲು ಒಂದಡಿ ಸರಿಯಿತು. ಮಾರಮ್ಮ ತಲೆ ಹೊರಗೆ ಹಾಕಿ, ಬೀದಿಯ ಆ ತುದಿಗೂ ಕೇಳುವ ಹಾಗೆ ಕೂಗಿದಳು.

“ಇಪ್ಪತ್ತೈದೂವರೆ!”

“ಒಸಿ ಮೆತ್ತಗೆ ಅನ್ನಮ್ಮಿ!” ಬೋರಲಿಂಗಯ್ಯ ಆಚೆ ಈಚೆ ನೋಡಿದರು.

“ಇಪ್ಪತ್ತೈದೂವರೆ ಬೋರಣ್ಣ! ಹುಳ ಭಾರಿ ಚೆನ್ನಾಗವೆ!”

ಪೆನ್ನು ಕಾಗದದ ಮೇಲೆ ಬೆರಳಷ್ಟು ಎತ್ತರದಲ್ಲಿ ನಿಂತಿತು. ನವ್ಯಶ್ರೀ ನೋಡುತ್ತಿದ್ದಳು. ತಾತ ಕಣ್ಣು ಮುಚ್ಚಿ ತೆರೆದು ಇಪ್ಪತ್ತೈದೂವರೆ ಎಂದೇ ಬರೆದರು. ಆಮೇಲೆ ಪುಸ್ತಕ ಮುಚ್ಚಿ ಎದ್ದು ಒಳಗೆ ಹೋದರು. ಹೊರಗೆ ಬಂದಾಗ ಹೆಬ್ಬೆರಳ ತುದಿಯಲ್ಲಿ ದೇವರ ದೀಪದ ಕಪ್ಪಿತ್ತು. ರಟ್ಟಿನ ಮೇಲೆ, ಮೊಮ್ಮಗಳ ಹೆಸರಿನ ಪಕ್ಕಕ್ಕೆ ಅದನ್ನು ಒತ್ತಿ, ಇನ್ನುಳಿದದ್ದನ್ನು ಪಂಚೆಗೆ ಒರೆಸಿಕೊಂಡರು.